ಜಿಗ್ಗಿನಿಂದ ಬೇಗ ಇಳಿದ ಚಾಸಿ

ಕಾರನ್ನು ಬಿಡಿಭಾಗಗಳಾಗಿ ತರಿಸಿಕೊಂಡು ಮನೆಯ ಹಿಂದಿನ ಶೆಡ್ಡಿನಲ್ಲಿ ಜೋಡಿಸುವ ಹವ್ಯಾಸವಿರುವವರು ನಮ್ಮ ಕಡೆ ಬೆರಳೆಣಿಕೆಯಷ್ಟು ಮಂದಿ. ತುಮಕೂರಿನಿಂದ ಹೊಸೂರಿನವರೆಗೆ ಹುಡುಕಿ ಕರೆತಂದರೂ ಒಂದು ಟೆಂಪೊ ಟ್ರಾವೆಲರ್ ತುಂಬಲಾರದು. ಅಷ್ಟು ಚಿಕ್ಕ ಬಳಗದಲ್ಲಿ ಹೊರರಾಜ್ಯದ ಒಂದು ಕಿಟ್ ಕಾರು ತಯಾರಕ ಸಂಸ್ಥೆಯ ಹೆಸರೆತ್ತಿದರೆ ಸಾಕು, ಎರಡು ಬಣಗಳು ಎದ್ದು ನಿಲ್ಲುತ್ತವೆ. ಆ ಬೆಲೆಗೆ ಅಂಥ ಚಾಸಿಯನ್ನು, ಅಂದರೆ ಕಾರಿನ ಮೂಲ ಚೌಕಟ್ಟನ್ನು, ಬೇರೆ ಯಾರು ಕೊಡುತ್ತಾರೆ ಎಂದು ಒಂದು ಬಣ ಕೇಳಿದರೆ, ಮುಂಗಡ ಕೈಸೇರಿದ ಮೇಲೆ ಅವರು ಫೋನ್ ಎತ್ತುವುದನ್ನೇ ಬಿಟ್ಟುಬಿಡುತ್ತಾರೆ ಎಂದು ಇನ್ನೊಂದು ಬಣ ದೂರುತ್ತದೆ. ಎರಡೂ ಕಡೆಯ ಮಾತನ್ನು ಕೇಳಿಸಿಕೊಂಡೇ ನಾನು ಅವರಿಗೆ ಆರ್ಡರ್ ಕೊಟ್ಟೆ. ಆ ಕಿಟ್ ತುಮಕೂರಿಗೆ ಬಂದು, ಅಳತೆಗೆ ಒಳಗಾಗಿ, ತಕರಾರಾಗಿ, ಕೊನೆಗೆ ಓಡುವ ಸ್ಥಿತಿಗೆ ಬಂದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ. ಅವರೊಂದಿಗೆ ಆದ ರಾಜಿಯ ಷರತ್ತುಗಳಲ್ಲಿ ಅದೂ ಒಂದು.

ನಾನು ಪಾಲಿಟೆಕ್ನಿಕ್ ಒಂದರ ಆಟೊಮೊಬೈಲ್ ವಿಭಾಗದಲ್ಲಿ ಪಾಠ ಹೇಳುವವನು. ಕಟ್ಟಿದ ಕಾರನ್ನು ಗುಬ್ಬಿಯ ಬಳಿ ಗೆಳೆಯರೊಬ್ಬರ ಹಳೆಯ ಇಟ್ಟಿಗೆ ಗೂಡಿನ ಅಂಗಳದಲ್ಲಿ ಓಡಿಸಬೇಕೆಂಬುದಕ್ಕಿಂತ ದೊಡ್ಡ ಆಸೆ ನನಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಆ ಸಂಸ್ಥೆಯ ಹೆಸರು ಕೆಟ್ಟಿದ್ದರಲ್ಲಿ ಒಂದು ಪಾಲು ಚಾಸಿಗೆ ಸಂಬಂಧಿಸಿದ್ದಲ್ಲ, ರಸ್ತೆಗೆ ಸಂಬಂಧಿಸಿದ್ದು.

ಅವರು ಮಾರುವುದು ಲೋಟಸ್ ಸೆವೆನ್ ಜಾತಿಯ ಕಾರು: ಉದ್ದ ಮೂತಿ, ತೆರೆದ ಎರಡು ಸೀಟು, ಬಾಡಿಯಿಂದ ಹೊರಗೆ ನಿಂತ ಮುಂದಿನ ಚಕ್ರಗಳು, ಚೌಕ ಕೊಳವೆಗಳನ್ನು ವೆಲ್ಡ್ ಮಾಡಿ ಕಟ್ಟಿದ ಚೌಕಟ್ಟು. ಕಾಲಿನ್ ಚಾಪ್‌ಮನ್ ಅದರ ಮೂಲವನ್ನು 1957ರಲ್ಲಿ ಇಂಗ್ಲೆಂಡಿನಲ್ಲಿ ಹೊರತಂದಾಗ ಅಲ್ಲಿ ಪೂರ್ಣ ಕಾರಿನ ಮೇಲೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳಾಗಿ ಕೊಂಡು ತಾವೇ ಜೋಡಿಸಿಕೊಂಡವರಿಗೆ ಇರಲಿಲ್ಲ. ಜೋಡಿಸುವ ಕೈಪಿಡಿಯನ್ನು ಜೊತೆಗೆ ಕೊಡುವಂತಿಲ್ಲವೆಂಬ ನಿಯಮವಿದ್ದುದರಿಂದ ಬಿಚ್ಚುವ ಕೈಪಿಡಿಯನ್ನು ಕೊಟ್ಟರಂತೆ, ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರಂತೆ ಎಂಬ ಕಥೆ ಈ ಹವ್ಯಾಸದವರ ಬಾಯಲ್ಲಿ ಇಂದಿಗೂ ಓಡಾಡುತ್ತದೆ. (ನಮಗೆ ಬಂದ ಪೆಟ್ಟಿಗೆಯಲ್ಲಿ ಎರಡೂ ಇರಲಿಲ್ಲ.) 1973ರಲ್ಲಿ ಅಲ್ಲಿ ವ್ಯಾಟ್ ಬಂದು ತೆರಿಗೆಯ ಲಾಭ ಮುಗಿಯಿತು, ಸೆವೆನ್ ತಯಾರಿಸುವ ಹಕ್ಕು ಅದೇ ವರ್ಷ ಕೇಟರ್‌ಹ್ಯಾಮ್ ಸಂಸ್ಥೆಗೆ ಹೋಯಿತು. ಲಾಭ ಹೋದರೂ ಅಲ್ಲಿ ಹವ್ಯಾಸ ಉಳಿದುಕೊಂಡಿತು. ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ಪರೀಕ್ಷೆಗೆ ಒಯ್ದು, ತೇರ್ಗಡೆಯಾದರೆ ನಂಬರು ಪಡೆಯುವ ದಾರಿ ಅಲ್ಲಿದೆ.

ನಮ್ಮಲ್ಲಿ ಆ ದಾರಿಯಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದಂತೆ ತಯಾರಕರು ತಮ್ಮ ವಾಹನದ ಮೂಲಮಾದರಿಯನ್ನು ಪುಣೆಯ ಎಆರ್‌ಎಐಯಂಥ ಪರೀಕ್ಷಾ ಸಂಸ್ಥೆಗೆ ಒಪ್ಪಿಸಿ ಅನುಮೋದನೆ ಪಡೆಯಬೇಕು. ಆಮೇಲೆಯೇ ಮಾರಾಟದ ಪ್ರಮಾಣಪತ್ರವಾದ ಫಾರಂ 21 ಮತ್ತು ರಸ್ತೆಯೋಗ್ಯತೆಯ ಫಾರಂ 22 ಕೊಡಲು ಸಾಧ್ಯ. ಅವೆರಡೂ ಇಲ್ಲದ ಹೊಸ ಕಾರಿಗೆ ತುಮಕೂರಿನ ಆರ್‌ಟಿಒ ಕಚೇರಿಯಲ್ಲಿ ಕೆಎ 06 ನಂಬರು ಸಿಗುವುದಿಲ್ಲ. ಹಳೆಯ ವಾಹನದ ಆರ್‌ಸಿಯನ್ನೇ ಹೊಸ ಚಾಸಿಗೆ ಬಳಸೋಣವೆಂದರೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಅಡ್ಡ ಬರುತ್ತದೆ: ತಯಾರಕರು ಮೊದಲು ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಖಚಿತಪಡಿಸಿತು.

ಸಂಸ್ಥೆಯವರಿಗೆ ಇದು ತಿಳಿಯದ್ದೇನಲ್ಲ. ಅವರ ಕೊಟೇಷನ್ನಿನ ಕೊನೆಯ ಸಾಲಿನಲ್ಲಿ, ಎಲ್ಲಕ್ಕಿಂತ ಚಿಕ್ಕ ಅಕ್ಷರದಲ್ಲಿ, ಟ್ರ್ಯಾಕ್ ಬಳಕೆಗೆ ಮಾತ್ರ ಎಂದಿರುತ್ತದೆ. ಮೊದಲ ಪುಟದಲ್ಲಿ ಸ್ಪೋರ್ಟ್ಸ್ ಕಾರು ಎಂದು ಹೊಗಳಿಸಿಕೊಂಡ ವಸ್ತು ಬಿಲ್ಲಿಗೆ ಬರುವ ಹೊತ್ತಿಗೆ ಎಂ.ಎಸ್. ಫ್ಯಾಬ್ರಿಕೇಷನ್ ಮತ್ತು ಎಫ್‌ಆರ್‌ಪಿ ಕೆಲಸ, ಅಂದರೆ ಬರಿಯ ಉಕ್ಕಿನ ಬೆಸುಗೆ ಮತ್ತು ಫೈಬರ್ ಕೆಲಸ, ಎಂದಾಗಿರುತ್ತದೆ. ಫೋನಿನಲ್ಲಿ ಮಾತ್ರ ಆರ್‌ಟಿಒ ವಿಚಾರವನ್ನು ಆಮೇಲೆ ನೋಡಿಕೊಳ್ಳೋಣ ಎಂಬ ಭರವಸೆ ಧಾರಾಳವಾಗಿ ಸಿಗುತ್ತದೆ. ಅದನ್ನು ಮೇಲ್‌ನಲ್ಲಿ ಬರೆದು ಕಳಿಸಿ ಎಂದು ಕೇಳಿದಾಗ ನನಗೆ ಬಂದ ಉತ್ತರ ಹೊಸ ಬಣ್ಣಗಳ ಪಟ್ಟಿ. ಈ ಭರವಸೆಯನ್ನು ನಂಬಿ, ಕಾರು ಕಟ್ಟಿ ಮುಗಿಸಿ, ಇವತ್ತು ಅದನ್ನು ಟಾರ್ಪಾಲಿನಡಿ ಮುಚ್ಚಿಟ್ಟಿರುವ ಶಿರಾ ಕಡೆಯ ರೈತರೊಬ್ಬರನ್ನು ನಾನು ಬಲ್ಲೆ. ಅವರ ಚಾಸಿಯಲ್ಲಿ ಕುಂದು ಹುಡುಕಿದರೂ ಸಿಗುವುದಿಲ್ಲ. ಆದರೂ ಸಂಸ್ಥೆಯನ್ನು ಅವರಷ್ಟು ಬೈಯುವವರು ಇನ್ನೊಬ್ಬರಿಲ್ಲ.

ಮುಂಗಡ ಕೊಡುವ ಮೊದಲು ನಾನು ಅವರ ವರ್ಕ್‌ಶಾಪಿಗೆ ಹೋಗಿ ನೋಡಿಬಂದಿದ್ದೆ. ಯಜಮಾನರು ಸ್ವತಃ ಒಳ್ಳೆಯ ವೆಲ್ಡರ್. ನನ್ನೆದುರೇ ಕೂತು ಎರಡು ಕೊಳವೆಗಳನ್ನು ಸೇರಿಸಿ ತೋರಿಸಿದರು, ಬೆಸುಗೆಯ ಅಲೆಗಳು ಒಂದೇ ಅಂತರದಲ್ಲಿ ಕೂತಿದ್ದವು. ಅಂಥ ಕೈಯನ್ನು ಮೋಸಗಾರನ ಕೈ ಎಂದು ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಆದರೆ ಅಲ್ಲಿ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿಯನ್ನು ಡೈರಿಯಲ್ಲಿ ಬರೆದುಕೊಂಡೆ. ಚಾಸಿಯ ಕೊಳವೆಗಳನ್ನು ಅದರದರ ಜಾಗದಲ್ಲಿ ಬಿಗಿಹಿಡಿದು ವೆಲ್ಡ್ ಮಾಡುವ ಜಿಗ್ ಅವರ ಬಳಿ ಇದ್ದದ್ದು ಒಂದೇ. ಬಾನೆಟ್ಟಿನ ಅಚ್ಚು ಕೂಡ ಒಂದೇ. ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಆರ್ಡರುಗಳ ಪಟ್ಟಿ ಮಾತ್ರ ಮೇಲಿನಿಂದ ಕೆಳಗಿನವರೆಗೂ ತುಂಬಿತ್ತು. ಈ ಕಾರಣಕ್ಕೆ ನಾನು ಪೂರ್ತಿ ಹಣ ಕೊಡದೆ ಕಿಟ್ಟನ್ನು ಭಾಗ ಮಾಡಿ ಕೊಳ್ಳುವ ಕರಾರು ಹಾಕಿದೆ: ಚಾಸಿಗೆ ಪೂರ್ತಿ ಹಣ, ಬಾಡಿಯ ಭಾಗಗಳಿಗೆ ಅರ್ಧ, ಉಳಿದದ್ದು ಮಾಲು ಬಂದು ಅಳತೆ ನೋಡಿದ ಮೇಲೆ.

ಚಾಸಿ, ಬಾನೆಟ್ಟು ಮತ್ತು ಮಡ್‌ಗಾರ್ಡುಗಳು ಹೇಳಿದ ತಿಂಗಳಿಗಿಂತ ಬಹಳ ತಡವಾಗಿ ಬಂದವು; ಪೆಡಲ್ ಬಾಕ್ಸು, ಸ್ಟಿಯರಿಂಗ್ ಕಾಲಂ, ಹಿಂಬದಿಯ ಪ್ಯಾನೆಲುಗಳು ಹಿಂದೆ ಬರುತ್ತವೆ ಎಂದರು. ಅಷ್ಟರಲ್ಲಿ ನಾನು ಎಂಜಿನ್ನಿಗಾಗಿ, ಅಪಘಾತಕ್ಕೆ ಸಿಕ್ಕಿ ವಿಮೆಯವರು ಕೈಬಿಟ್ಟಿದ್ದ ಒಂದು ಮಾರುತಿ ಈಕೋ ಹಿಡಿದಿದ್ದೆ. ಉದ್ದಕ್ಕೆ ಕೂತ ಎಂಜಿನ್ (ನನಗೆ ಸಿಕ್ಕಿದ್ದರಲ್ಲಿ 1196 ಸಿಸಿಯದು), ಅದರ ಶಕ್ತಿಯನ್ನು ಹಿಂದಕ್ಕೊಯ್ಯುವ ಪ್ರೊಪೆಲ್ಲರ್ ಶಾಫ್ಟು, ಹಿಂಚಕ್ರಕ್ಕೆ ಚಾಲನೆ ಇರುವ ಸುಲಭ ಬೆಲೆಯ ವಾಹನ ನಮ್ಮಲ್ಲಿ ಅದೇ. ವಾಹನವನ್ನು ಬಿಚ್ಚಿ ಶಾಶ್ವತವಾಗಿ ಬಳಕೆಯಿಂದ ತೆಗೆದರೆ ಹದಿನಾಲ್ಕು ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಕಾಯ್ದೆಯ 55ನೆಯ ಕಲಂ ಹೇಳುತ್ತದೆ. ಅದರಂತೆ ಆರ್‌ಸಿಯನ್ನು ಒಪ್ಪಿಸಿ ನೋಂದಣಿ ರದ್ದು ಮಾಡಿಸಿದೆ.

ಚಾಸಿಯ ಅಳತೆಗೆ ನೆರವಾದವರು ನಮ್ಮ ಬಡಾವಣೆಯಲ್ಲೇ ಇರುವ, ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು. ಎಚ್‌ಎಂಟಿ ವಾಚಸ್ಸನ್ನು ಮುಚ್ಚಲು ಕೇಂದ್ರ ಒಪ್ಪಿದ್ದು 2016ರಲ್ಲಿ, ಕಾರ್ಖಾನೆಯ ಜಾಗ ಈಗ ಇಸ್ರೊ ಪಾಲಾಗಿದೆ. ಆದರೆ ಅಲ್ಲಿ ಪಳಗಿದ ಕಣ್ಣುಗಳು ಇನ್ನೂ ಊರಿನಲ್ಲಿವೆ. ಅವರು ಚಾಸಿಯನ್ನು ಒಮ್ಮೆ ಸುತ್ತುಹಾಕಿ, "ಮೇಷ್ಟ್ರೇ, ಟೇಪು ಆಮೇಲೆ ಹಿಡಿಯೋಣ, ಮೊದಲು ನೆಲ ಮಟ್ಟ ಇದೆಯೋ ನೋಡಿ" ಎಂದರು. ಗಾರೆ ಕೆಲಸದವರು ಬಳಸುವ ನೀರು ತುಂಬಿದ ಟ್ಯೂಬಿನಿಂದ ನಾಲ್ಕು ಸ್ಟ್ಯಾಂಡುಗಳನ್ನು ಒಂದೇ ಮಟ್ಟಕ್ಕೆ ತಂದು, ಅದರ ಮೇಲೆ ಚಾಸಿಯನ್ನು ಕೂರಿಸಿದೆವು. ಸಸ್ಪೆನ್ಷನ್ ಬ್ರಾಕೆಟ್ಟುಗಳ ಪ್ರತಿ ತೂತಿನಿಂದ ತೂಕದ ಗುಂಡನ್ನು ಇಳಿಬಿಟ್ಟು, ಗುಂಡಿನ ಮೊನೆ ತೋರಿಸಿದ ಕಡೆ ಸಿಮೆಂಟು ನೆಲದ ಮೇಲೆ ಗುರುತು ಹಾಕಿದೆವು. ಚಾಸಿಯನ್ನು ಎತ್ತಿ ಪಕ್ಕಕ್ಕಿಟ್ಟಾಗ ಅದರ ಜಾತಕವೇ ನೆಲದ ಮೇಲೆ ಚುಕ್ಕಿಗಳಾಗಿ ಉಳಿದಿತ್ತು.

ಚುಕ್ಕಿಯಿಂದ ಚುಕ್ಕಿಗೆ ಎಳೆದ ಎರಡು ಕರ್ಣಗಳು ಸಮವಿರಬೇಕು. ಎರಡು ಮೂರು ಮಿಲಿಮೀಟರ್ ವ್ಯತ್ಯಾಸವನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಇಲ್ಲಿ ವ್ಯತ್ಯಾಸ 11 ಮಿಲಿಮೀಟರ್ ಇತ್ತು. ಅದಕ್ಕಿಂತ ಕೆಟ್ಟದ್ದು ಹಿಂದಿನ ಆಕ್ಸಲನ್ನು ಹಿಡಿದಿಡುವ ಬ್ರಾಕೆಟ್ಟುಗಳಲ್ಲಿ ಸಿಕ್ಕಿತು: ಎಡಗಡೆಯದು ಬಲಗಡೆಯದಕ್ಕಿಂತ 6 ಮಿಲಿಮೀಟರ್ ಮುಂದಿತ್ತು. ಎರಡರ ನಡುವಿನ ಅಂತರ ಸುಮಾರು ಒಂದು ಮೀಟರ್ ಆದ್ದರಿಂದ ಆಕ್ಸಲು ಒಂದು ಡಿಗ್ರಿಯ ಮೂರನೇ ಒಂದು ಭಾಗದಷ್ಟು ಓರೆಯಾಗಿ ಕೂರುತ್ತದೆ. ಕೇಳಲು ಸಣ್ಣದು. ಆದರೆ ಹಾಗೆ ಕೂತ ಆಕ್ಸಲು ಕಾರನ್ನು ಹಿಂದಿನಿಂದ ಒಂದು ಪಕ್ಕಕ್ಕೆ ತಳ್ಳುತ್ತಲೇ ಇರುತ್ತದೆ, ನೇರ ದಾರಿಯಲ್ಲೂ ಸ್ಟಿಯರಿಂಗನ್ನು ವಾರೆ ಹಿಡಿಯಬೇಕಾಗುತ್ತದೆ, ಮತ್ತು ಎಡ ತಿರುವಿಗೊಂದು ಬಲ ತಿರುವಿಗೊಂದು ಸ್ವಭಾವ ತೋರುತ್ತದೆ. ಸೆವೆನ್ ಜಾತಿಯ ಹಗುರ ಕಾರನ್ನು ಕಟ್ಟುವುದೇ ತಿರುವಿನ ಸುಖಕ್ಕಾಗಿ.

ಇದು ಹೇಗಾಗಿರಬಹುದೆಂಬುದಕ್ಕೆ ವೆಲ್ಡಿಂಗ್ ತಿಳಿದವರಿಗೆ ಬಹಳ ಯೋಚನೆ ಬೇಕಿಲ್ಲ. ಮೈಲ್ಡ್ ಸ್ಟೀಲ್ ಸುಮಾರು 1500 ಡಿಗ್ರಿಯಲ್ಲಿ ಕರಗಿ, ತಣಿಯುವಾಗ ಕುಗ್ಗಿ, ತನ್ನ ಜೊತೆಗಿರುವ ಕೊಳವೆಯನ್ನು ಎಳೆಯುತ್ತದೆ. ಆದ್ದರಿಂದ ಇಡೀ ಚೌಕಟ್ಟನ್ನು ಮೊದಲು ಟ್ಯಾಕ್ (ಅಲ್ಲಲ್ಲಿ ಚುಕ್ಕಿಯಷ್ಟು ಬೆಸುಗೆ) ಹಾಕಿ ನಿಲ್ಲಿಸಿಕೊಂಡು, ಆಮೇಲೆ ಆ ಮೂಲೆ ಈ ಮೂಲೆ ಎಂದು ಎದುರುಬದುರು ವೆಲ್ಡ್ ಮಾಡುತ್ತ, ಪೂರ್ತಿ ತಣ್ಣಗಾಗುವವರೆಗೆ ಜಿಗ್ಗಿನಲ್ಲೇ ಬಿಡಬೇಕು. ಬಿಸಿಯಿರುವಾಗಲೇ ಕ್ಲಾಂಪು ಬಿಚ್ಚಿದರೆ ಚೌಕಟ್ಟು ತನಗೆ ಬೇಕಾದ ಕಡೆ ತಿರುಚಿಕೊಳ್ಳುತ್ತದೆ. ನಮ್ಮ ಚಾಸಿಯ ಮುಖ್ಯ ಚೌಕಟ್ಟಿಗೆ ಆಗಿದ್ದದ್ದು ಇದೇ. ಚೌಕಟ್ಟನ್ನು ಜಿಗ್ಗಿನಿಂದ ಇಳಿಸಿ ನೆಲದಲ್ಲಿಟ್ಟ ಮೇಲೆ ಬ್ರಾಕೆಟ್ಟುಗಳನ್ನು ಟೇಪು ಹಿಡಿದು ಹಚ್ಚಿದ್ದರು ಎಂಬುದು ಬ್ರಾಕೆಟ್ಟಿನ ಪಕ್ಕದಲ್ಲೇ ಉಳಿದಿದ್ದ ಗೀಚುಗಳಿಂದ ತಿಳಿಯುತ್ತಿತ್ತು. ಪೌಡರ್ ಕೋಟಿಂಗಿನ ಕೆಳಗೂ ಆ ಗೀಚು ಕೈಬೆರಳಿಗೆ ಸಿಗುತ್ತಿತ್ತು.

ಬಾನೆಟ್ಟಿನ ಕಥೆ ಬೇರೆಯಲ್ಲ. ಅದನ್ನು ಎತ್ತಿ ಬಿಸಿಲಿಗೆ ಹಿಡಿದಾಗ ನಡುವೆ ಗಾಢ ಕೆಂಪು, ಅಂಚಿನುದ್ದಕ್ಕೂ ಗುಲಾಬಿ. ಬೆಳಕು ತೂರಿ ಬರುತ್ತಿತ್ತು. ಫೈಬರ್ ಕೆಲಸದಲ್ಲಿ ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ಮ್ಯಾಟನ್ನು ಒಂದು ಪದರ ಹಾಸಿ ರೆಸಿನ್ ಬಳಿದರೆ ಸರಿಸುಮಾರು ಒಂದು ಮಿಲಿಮೀಟರ್ ದಪ್ಪ ಬರುತ್ತದೆ. ಕೊಟೇಷನ್ನಿನಲ್ಲಿ 3 ಮಿಲಿಮೀಟರ್ ಎಂದಿತ್ತು. ಹಿರಿಯರ ಮೈಕ್ರೊಮೀಟರ್ ಅಂಚಿನಲ್ಲಿ ತೋರಿಸಿದ್ದು ಮೇಲಿನ ಜೆಲ್‌ಕೋಟ್ (ಬಣ್ಣದ ಹೊರಪದರ) ಸೇರಿ 1.3. ಅಂದರೆ ಅಂಚಿನಲ್ಲಿ ಒಂದೇ ಪದರ. ಜೊತೆಗೆ ಎಡ ಮೂಲೆ ಮೇಲೆದ್ದಿತ್ತು. ಪಾಲಿಯೆಸ್ಟರ್ ರೆಸಿನ್ ಮುಟ್ಟಿದರೆ ಗಟ್ಟಿ ಎನ್ನಿಸಿದ ಮೇಲೂ ಒಳಗೊಳಗೆ ಬಲಿಯುತ್ತಲೇ ಇರುತ್ತದೆ. ಹಸಿಯಿರುವಾಗಲೇ ಅಚ್ಚಿನಿಂದ ಬಿಡಿಸಿದರೆ, ಬಲಿಯುವ ಕೆಲಸ ಅಚ್ಚಿನ ಹಿಡಿತವಿಲ್ಲದೆ ನಡೆದು ಅಂಚು ಸೊಟ್ಟಗಾಗುತ್ತದೆ. ಕಬ್ಬಿಣವನ್ನು ಜಿಗ್ಗಿನಿಂದ, ಫೈಬರನ್ನು ಅಚ್ಚಿನಿಂದ, ಎರಡನ್ನೂ ಬೇಗ ಇಳಿಸಿದ್ದರು. ಹಲಗೆಯ ಮೇಲಿನ ಪಟ್ಟಿ ನನಗೆ ನೆನಪಾಯಿತು. ಹಿಂದಿನವರ ಮಾಲನ್ನು ಮುಗಿಸಲು ಮುಂದಿನವರ ಮುಂಗಡವೇ ಬಂಡವಾಳವಾದಾಗ, ಜಿಗ್ಗನ್ನು ಖಾಲಿ ಮಾಡುವುದೇ ದಿನದ ಮೊದಲ ಕೆಲಸವಾಗುತ್ತದೆ.

ಇದು ನನ್ನೊಬ್ಬನ ಚಾಸಿಯ ಪಾಡೋ ಎಲ್ಲರದ್ದೋ ಎಂದು ತಿಳಿಯಲು ಕಿಟ್ ಕೊಂಡಿದ್ದ ನಾಲ್ಕೈದು ಮಂದಿಗೆ ಫೋನ್ ಮಾಡಿ, ಅವೇ ಚುಕ್ಕಿಗಳ ನಡುವಿನ ಅಳತೆಯನ್ನು ತೆಗೆದು, ಚಾಸಿಯ ಮೇಲೆ ಒತ್ತಿದ ಕ್ರಮಸಂಖ್ಯೆಯೊಂದಿಗೆ ಕಳಿಸುವಂತೆ ಕೇಳಿಕೊಂಡೆ. ಬಂದ ಅಳತೆಗಳನ್ನು ಕ್ರಮಸಂಖ್ಯೆಯ ಪ್ರಕಾರ ಜೋಡಿಸಿದಾಗ ಎರಡು ಬಣಗಳ ಗುಟ್ಟು ಬಯಲಾಯಿತು. ಆರಂಭದ ಸಂಖ್ಯೆಯ ಚಾಸಿಗಳು ಕರಾರುವಾಕ್ಕಾಗಿದ್ದವು. ಸಂಖ್ಯೆ ಏರಿದಂತೆ ವ್ಯತ್ಯಾಸವೂ ಏರುತ್ತ ಬಂದಿತ್ತು. ಹೊಗಳುವವರು ಮೊದಲು ಕೊಂಡವರು, ತೆಗಳುವವರು ಆಮೇಲೆ ಕೊಂಡವರು, ಇಬ್ಬರ ಮಾತೂ ಅವರವರ ಚಾಸಿಯ ಮಟ್ಟಿಗೆ ನಿಜ. ಇವರಿಬ್ಬರ ಜೊತೆ ಇನ್ನೊಂದು ಗುಂಪಿದೆ: ಹಣ ಕೊಟ್ಟು ಕಾಯುತ್ತಿರುವವರು. ಸಂಸ್ಥೆ ಮುಳುಗಿದರೆ ತಮ್ಮ ದುಡ್ಡೂ ಮುಳುಗುತ್ತದೆಂಬ ಭಯದಿಂದ ಇವರು ಎಲ್ಲರಿಗಿಂತ ಜೋರಾಗಿ ಅದರ ಪರ ವಾದಿಸುತ್ತಾರೆ. ಹೊಸಬರು ವಿಚಾರಿಸಿದಾಗ ಮೊದಲು ಸಿಗುವುದೂ ಇವರೇ.

ನ್ಯಾಯಕ್ಕೆ ಒಂದು ಮಾತು ಸೇರಿಸಬೇಕು. ಸಂಸ್ಥೆಯ ಮೇಲೆ ಬಂದ ದೂರುಗಳೆಲ್ಲ ನಿಜವಲ್ಲ. ಹೊಸೂರಿನ ಒಬ್ಬರು ಚಾಸಿ ಬಿರುಕುಬಿಟ್ಟಿದೆ ಎಂದು ಊರೆಲ್ಲ ಸಾರಿದ್ದರು. ಹೋಗಿ ನೋಡಿದರೆ, ನಕ್ಷೆಯಲ್ಲಿಲ್ಲದ ಭಾರದ ಡೀಸೆಲ್ ಎಂಜಿನ್ನನ್ನು ಕೂರಿಸಲು ಮೂಲೆಗೆ ಆಸರೆ ಕೊಡುವ ಕೊಳವೆಯೊಂದನ್ನು ಅವರೇ ಕತ್ತರಿಸಿ ತೆಗೆದಿದ್ದರು. ಇಂಥ ಒಂದೆರಡು ಪ್ರಸಂಗಗಳೇ ಸಂಸ್ಥೆಗೆ ಗುರಾಣಿಯಾಗಿವೆ. ಯಾರು ಏನು ಕೇಳಿದರೂ ಕಟ್ಟಿದವರ ತಪ್ಪು ಎಂಬ ಉತ್ತರ ಸಿದ್ಧವಾಗಿರುತ್ತದೆ.

ನನಗೆ ಬಂದ ಉತ್ತರ ಸ್ವಲ್ಪ ಬೇರೆ. ಮಾಲು ತಮ್ಮ ಗೇಟು ದಾಟಿದ ಮೇಲೆ ಜವಾಬ್ದಾರಿ ತಮ್ಮದಲ್ಲ, ಲಾರಿಯಲ್ಲಿ ಪೆಟ್ಟು ಬಿದ್ದಿರಬೇಕು ಎಂದರು. ಲಾರಿಯ ಪೆಟ್ಟಿಗೆ ಕೊಳವೆ ಬಾಗಬಹುದು, ಬಣ್ಣ ಸೀಳಬಹುದು. ಆದರೆ ಬೆಸುಗೆ ಬಿಡದೆ, ಬಣ್ಣ ಕದಡದೆ ಬ್ರಾಕೆಟ್ಟು ಜಾಗ ಬದಲಿಸುವುದಿಲ್ಲ. ಒಂದೇ ಅಡ್ಡ ಕೊಳವೆಯಿಂದ ಅಳೆದರೆ ಬಲ ಬ್ರಾಕೆಟ್ಟು 54 ಮಿಲಿಮೀಟರ್ ದೂರದಲ್ಲಿ, ಎಡದ್ದು 48ರಲ್ಲಿ ಬೆಸೆದುಕೊಂಡಿದ್ದವು. ಎರಡರ ಪಕ್ಕದಲ್ಲೂ ಸ್ಟೀಲ್ ಸ್ಕೇಲಿಟ್ಟು ತೆಗೆದ ಫೋಟೊ, ಲಾರಿಯಿಂದ ಇಳಿಸುವ ಮೊದಲು ತೆಗೆದ ಪೆಟ್ಟಿಗೆಯ ಫೋಟೊ, ಇತರರ ಅಳತೆಗಳು, ಕೊಟೇಷನ್ನಿನ 3 ಮಿಲಿಮೀಟರ್ ಸಾಲು ಇಷ್ಟನ್ನೂ ಸೇರಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಉತ್ತರ ಬರಲಿಲ್ಲ. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಬರೆಸಿದ ಮೇಲೆ ಒಂದು ಫೋನ್ ಬಂತು, ಸಮಯ ಕೇಳಿದರು, ಆಮೇಲೆ ಮತ್ತೆ ಮೌನ.

ಗ್ರಾಹಕರ ಆಯೋಗಕ್ಕೆ ಹೋಗಲು ಮಾರಾಟಗಾರರ ಊರಿಗೆ ಅಲೆಯಬೇಕೆಂದು ಹಲವರು ತಿಳಿದಿದ್ದಾರೆ, ಆ ಭಯದಿಂದಲೇ ಸುಮ್ಮನಾಗುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕಾರಣ ಉಂಟಾದ ದಿನದಿಂದ ಎರಡು ವರ್ಷಗಳ ಅವಧಿಯಿದೆ. ತುಮಕೂರಿನ ಜಿಲ್ಲಾ ಆಯೋಗಕ್ಕೆ ಸಲ್ಲಿಸಲು ಸಿದ್ಧಪಡಿಸಿದ ದೂರಿನ ಪ್ರತಿಯನ್ನು ಸಂಸ್ಥೆಗೆ ಕಳಿಸಿದ ವಾರದಲ್ಲೇ ಯಜಮಾನರು ತಾವಾಗಿ ಫೋನ್ ಮಾಡಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಆಯಾಸ ಹೆಚ್ಚಿತ್ತು. ಹಣ ತಿರುಗದಿದ್ದರೆ ಕೆಲಸ ನಿಲ್ಲುತ್ತದೆ, ಕೆಲಸ ನಿಂತರೆ ಹಣ ತಿರುಗುವುದಿಲ್ಲ ಎಂಬರ್ಥದ ಮಾತಾಡಿದರು. ಕೊನೆಗೆ ಬಾಡಿಯ ಭಾಗಗಳಿಗೆ ಕೊಟ್ಟಿದ್ದ ಹಣವನ್ನೂ ಬಾರದ ಭಾಗಗಳ ಹಣವನ್ನೂ ಎರಡು ಕಂತಿನಲ್ಲಿ ಹಿಂದಿರುಗಿಸುವುದು, ಚಾಸಿ ನನ್ನಲ್ಲೇ ಉಳಿಯುವುದು, ನಾನು ಹೆಸರು ಹೇಳದಿರುವುದು ಎಂದು ತೀರ್ಮಾನವಾಯಿತು. ಎರಡನೇ ಕಂತು ನಿಧಾನವಾಯಿತೇ ಹೊರತು ತಪ್ಪಲಿಲ್ಲ.

ಚಾಸಿಯ ದುರಸ್ತಿ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಬ್ರಿಕೇಷನ್ ಶೆಡ್ಡಿನಲ್ಲಾಯಿತು. ಟ್ರಾಲಿ, ಗೇಟು, ನೀರಿನ ಟ್ಯಾಂಕಿನ ಸ್ಟ್ಯಾಂಡು ಮಾಡುವವರು ಅವರು. ತಿರುಚಿದ ಚೌಕಟ್ಟನ್ನು ಎಳೆದು ನೆಟ್ಟಗೆ ಮಾಡುವುದು ಬೇಡ, ಕೊಳವೆಯ ಮೂಲೆಗಳು ಸೋಲುತ್ತವೆ ಎಂದು ಹಿರಿಯರು ಹೇಳಿದರು. ಬದಲಿಗೆ ಚೌಕಟ್ಟನ್ನು ಇದ್ದಂತೆ ಬಿಟ್ಟು, ಅದರ ಮೇಲೆ ಹೊಸ ನಡುಗೆರೆಯೊಂದನ್ನು ನಿರ್ಧರಿಸಿ, ಮುಂದಿನ ಹಿಂದಿನ ಬ್ರಾಕೆಟ್ಟುಗಳನ್ನೆಲ್ಲ ಆ ಗೆರೆಗೆ ಹೊಂದಿಸುವುದೆಂದಾಯಿತು. ಎರಡು ಸಿ ಚಾನೆಲ್‌ಗಳನ್ನು (ಸಿ ಆಕಾರದ ಉಕ್ಕಿನ ತೊಲೆಗಳು) ನೆಲಕ್ಕೆ ಬೋಲ್ಟ್ ಮಾಡಿ ಅದರ ಮೇಲೆ ಚಾಸಿಯನ್ನು ಬಿಗಿದು, ಹಿಂದಿನ ಬ್ರಾಕೆಟ್ಟುಗಳನ್ನು ಗ್ರೈಂಡರ್‌ನಿಂದ ಕೊಯ್ದು ತೆಗೆದರು. ಲೇತಿನಲ್ಲಿ ಹೊಡೆಸಿದ ಉದ್ದನೆಯ ನೇರ ಸರಳನ್ನು ಎಡಬಲದ ತೂತುಗಳೊಳಗೆ ಒಟ್ಟಿಗೆ ತೂರಿಸಿ ಹಿಡಿದು ಟ್ಯಾಕ್ ಹಾಕಿದರು. ಸರಳು ಕೈಯಿಂದ ಸಲೀಸಾಗಿ ತಿರುಗಿದರೆ ಎರಡೂ ಒಂದೇ ಗೆರೆಯಲ್ಲಿವೆ ಎಂದರ್ಥ. ವೆಲ್ಡಿಂಗ್ ಮುಗಿದ ಕೂಡಲೇ ಹುಡುಗನೊಬ್ಬ ಕ್ಲಾಂಪಿಗೆ ಸ್ಪ್ಯಾನರ್ ಹಾಕಲು ಹೋದಾಗ ಹಿರಿಯರು, "ಬಿಡಪ್ಪ, ಬೆಳಿಗ್ಗೆ ಬಿಚ್ಚಿದರಾಯಿತು" ಎಂದು ತಡೆದರು. ಬೆಳಿಗ್ಗೆಯೂ ಸರಳು ತಿರುಗುತ್ತಿತ್ತು. ಕರ್ಣಗಳ ನಡುವೆ ಉಳಿದ ವ್ಯತ್ಯಾಸ ಒಂದು ಮಿಲಿಮೀಟರಿನೊಳಗೆ ಬಂದಿತ್ತು. ಇಡೀ ಕೆಲಸಕ್ಕೆ ಅವರು ಕೇಳಿದ ಕೂಲಿ ಚಾಸಿಯ ಬೆಲೆಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ.

ಪೆಡಲ್ ಬಾಕ್ಸು ಮತ್ತು ಸ್ಟಿಯರಿಂಗ್ ಕಾಲಂ ಈಕೋದ್ದನ್ನೇ ಕತ್ತರಿಸಿ ಹೊಂದಿಸಿದ್ದಾಯಿತು. ಕಾರು ಈಗ ಬಾನೆಟ್ಟಿಲ್ಲದೆ ಇಟ್ಟಿಗೆ ಗೂಡಿನ ಅಂಗಳದಲ್ಲಿ ಓಡುತ್ತದೆ, ಎಡಕ್ಕೂ ಬಲಕ್ಕೂ ಒಂದೇ ರೀತಿ ತಿರುಗುತ್ತದೆ.

ಅಳತೆಯ ಚುಕ್ಕಿಗಳ ನಕ್ಷೆಯನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದೇನೆ. ರಾಜಿಯಲ್ಲಿ ಅದಕ್ಕೆ ಅಡ್ಡಿಯಿಲ್ಲ. ತಿಪಟೂರಿನ ಒಬ್ಬರು ಇತ್ತೀಚೆಗೆ ಅದೇ ಸಂಸ್ಥೆಗೆ ಆರ್ಡರ್ ಕೊಡುವ ಮೊದಲು ಆ ನಕ್ಷೆ ಹಿಡಿದು ಹೋಗಿ, ಚಾಸಿ ಜಿಗ್ಗಿನಿಂದ ಇಳಿದು ತಣ್ಣಗಾದ ಮೇಲೆ ತಮ್ಮೆದುರಿಗೇ ಕರ್ಣ ಅಳೆದು ತೋರಿಸಬೇಕು, ಆಗಲೇ ಬಾಕಿ ಹಣ ಎಂದು ಕರಾರಿನಲ್ಲಿ ಬರೆಸಿದ್ದಾರೆ. ಯಜಮಾನರು ಸಹಿ ಹಾಕಿದರಂತೆ. ಎರಡನೇ ಜಿಗ್ ತಯಾರಾಗುತ್ತಿದೆ ಎಂದೂ ಹೇಳಿದರಂತೆ, ಆದರೆ ತಿಪಟೂರಿನವರು ಅಲ್ಲಿ ಕಂಡಿದ್ದು ಇನ್ನೂ ಒಂದನ್ನೇ.